ಹುಲಿಯಮ್ಮ ಹೊಲಿದ ಸೊಂಟದ ಪಟ್ಟಿ

ಹೊಸನಗರದ ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಹುಲಿಯಮ್ಮನ ಹೊಲಿಗೆ ಮಿಷನ್ನು. ಹೆಸರಿಗೆ ತಕ್ಕ ಹೆಂಗಸು. ಅಳತೆ ತೆಗೆಯುವಾಗ ಯಾರಾದರೂ ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಟೇಪಿನಲ್ಲೇ ಬೆನ್ನಿಗೆ ಚಟ್ ಎಂದು ಬಾರಿಸಿ, "ಉಸಿರು ಬಿಡು ಮಾರಾಯ್ತಿ, ಮದುವೆ ಮನೇಲಿ ಉಣ್ಣಲ್ವಾ?" ಎನ್ನುವವಳು.

ಕಸುಬು ಕಲಿತದ್ದೂ ಪೆಟ್ಟು ತಿಂದೇ. ಹದಿನೈದನೇ ವಯಸ್ಸಿಗೆ ತೀರ್ಥಹಳ್ಳಿಯಲ್ಲಿ ವಾಸಪ್ಪ ಮಾಸ್ಟರ ಹತ್ತಿರ ಸೇರಿದಳು. ರೇಷ್ಮೆಗೆ ದಪ್ಪ ಸೂಜಿ ಹಾಕಿದರೆ ಬೆರಳ ಗೆಣ್ಣಿನ ಮೇಲೆ ಮರದ ಸ್ಕೇಲು ಬೀಳುತ್ತಿತ್ತು. ಜೀನ್ಸಿಗೆ ಸಣ್ಣ ಸೂಜಿ ಹಾಕಿದ ದಿನ ಮಾಸ್ಟರು ಕೈ ಎತ್ತಬೇಕಾಗಿ ಬರಲಿಲ್ಲ, ಸೂಜಿಯೇ ಹೊಡೆಯಿತು. ಟಕ್ ಎಂದು ಮುರಿದ ತುದಿ ಹಾರಿ ಅವಳ ಹುಬ್ಬಿನ ಕೆಳಗೆ ನಾಟಿತು. ಇಕ್ಕಳದಲ್ಲಿ ಅದನ್ನು ಕಿತ್ತು, ರಕ್ತ ಒರೆಸಿ ಮಾಸ್ಟರು ಹೇಳಿದ್ದಿಷ್ಟೇ: "ಒಂದ್ ಅಕ್ಕಿಕಾಳಿನಷ್ಟು ಕೆಳಗೆ ಬಿದ್ದಿದ್ರೆ ಕಣ್ಣು ಹೋಗ್ತಿತ್ತು. ಇನ್ನು ಮರೀತೀಯಾ?"

ಮರೆಯಲಿಲ್ಲ. ಸೂಜಿಯ ಬುಡದಲ್ಲಿ ಕೊರೆದ ನಂಬರು ಈಗ ಅವಳ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಒಂದೊಂದು ಸೂಜಿಯನ್ನೂ ಅದರ ಬಟ್ಟೆಯ ಚೂರಿಗೇ ಚುಚ್ಚಿಡುತ್ತಾಳೆ. ರೇಷ್ಮೆ ಚೂರಿನಲ್ಲಿ ಹನ್ನೊಂದನೇ ನಂಬರು, ಪಾಪ್ಲಿನ್ನಿನಲ್ಲಿ ಹದಿನಾಲ್ಕು, ಜೀನ್ಸಿನಲ್ಲಿ ಹದಿನಾರು, ಕ್ಯಾನ್ವಾಸಿನಲ್ಲಿ ಹದಿನೆಂಟು. ಟೀ ಶರ್ಟಿನ ಚೂರಿನಲ್ಲಿ ತುದಿ ಉರುಟಾದದ್ದು. ಅದು ನೂಲನ್ನು ಕಡಿಯದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. "ಸೂಜಿ ಅಂದ್ರೆ ಕತ್ತಿನೇ," ಎನ್ನುತ್ತಿದ್ದಳು. "ಪ್ರತಿ ಹೊಲಿಗೆಗೂ ಬಟ್ಟೆಗೊಂದು ಗಾಯ ಆಗ್ತದೆ. ಗಾಯ ಹತ್ತಿರ ಹತ್ತಿರ ಆದ್ರೆ ಎಂಥ ಬಟ್ಟೆನೂ ಸಾಯ್ತದೆ."

ಇಷ್ಟು ತಿಳಿದವಳೇ ತಪ್ಪಿದಳು.

ಅಡಿಕೆ ಗೊನೆ ಇಳಿಸುವ ಕೊನೆ ಕೊಯ್ಲು ಶುರುವಾಗಿ ಒಂದು ವಾರವಾಗಿತ್ತು. ಕವಲೇದುರ್ಗದ ಕೆಳಗಿನ ಊರಿನ ಪುಟ್ಟಪ್ಪ ಬಂದ. ಅಡಿಕೆ ಮರ ಹತ್ತಿ ಕೊನೆ ಇಳಿಸುವುದರಲ್ಲಿ ಎತ್ತಿದ ಕೈ. ಮರದ ತುದಿಯಲ್ಲಿ ಅವನ ಭಾರ ಹೊರುವ ಕ್ಯಾನ್ವಾಸಿನ ಸೊಂಟದ ಪಟ್ಟಿ ಕೊಂಡಿಯ ಹತ್ತಿರ ಬಿಚ್ಚಿಕೊಂಡಿತ್ತು. ಹುಲಿಯಮ್ಮ ಹದಿನೆಂಟರ ಸೂಜಿ ಹಾಕಿ, ಗಟ್ಟಿ ನೂಲು ಪೋಣಿಸಿ, ಪಟ್ಟಿಗೆ ಅಡ್ಡಲಾಗಿ ಒಂದು ಸಾಲು ಹೊಡೆದಳು.

"ಇನ್ನೊಂದು ಹೊಡಿ ಹುಲಿಯಕ್ಕ. ಜೀವ ಇದರ ಮೇಲೇ ಇರೋದು."

ಹೊಡೆದಳು.

"ಮತ್ತೊಂದು. ಹೊಲಿಗೆ ಒತ್ತಾಗಿ ಬರ್ಲಿ."

"ಸಾಕು ಕಣೋ."

"ನಾನ್ ಬಿದ್ರೆ ನನ್ ಹೆಂಡ್ತೀನ ನೀನ್ ಸಾಕ್ತೀಯಾ?"

ಹುಲಿಯಮ್ಮನಿಗೆ ನಗು ಬಂತು. ನಗುತ್ತಲೇ ಮೂರನೆಯ ಸಾಲನ್ನೂ ಹೊಡೆದುಕೊಟ್ಟಳು, ಒತ್ತೊತ್ತಾಗಿ, ಒಂದಕ್ಕೊಂದು ತಾಗುವ ಹಾಗೆ.

ಮೂರನೇ ದಿನ ಪಟ್ಟಿ ಹರಿಯಿತು. ಪುಟ್ಟಪ್ಪ ನಲವತ್ತು ಅಡಿ ಮೇಲಿಂದ ತೋಟದಲ್ಲಿ ನೀರು ಬಸಿಯಲು ತೋಡಿದ ಕಪ್ಪಿನ ಅಂಚಿಗೆ ಬಿದ್ದ. ಸೊಂಟದ ಮೂಳೆ ಮುರಿದ ಸದ್ದು ಪಕ್ಕದ ಮರದಲ್ಲಿದ್ದವನಿಗೆ ಕೇಳಿಸಿತಂತೆ. ತೊಡೆಯ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ಶಿವಮೊಗ್ಗಕ್ಕೆ ಸಾಗಿಸುವಾಗ ಜೀಪಿನ ಹಿಂದಿನ ಸೀಟೆಲ್ಲ ರಕ್ತ.

ಮಾರನೇ ಬೆಳಿಗ್ಗೆ ಅವನ ತಮ್ಮ ರಾಜೇಂದ್ರ ಅಂಗಡಿಗೆ ನುಗ್ಗಿದ. ಕೈಯಲ್ಲಿ ಕತ್ತಿ. ಮೊದಲ ಒದೆತಕ್ಕೆ ಮಿಷನ್ನು ಮಗುಚಿ, ಅದರ ಚಕ್ರ ಚಪ್ಪಲಿ ಅಂಗಡಿಯ ತನಕ ಉರುಳಿತು. ಎರಡನೆಯದಕ್ಕೆ ಹುಲಿಯಮ್ಮ ಗೋಡೆಗೆ ಬಡಿದು ಬಿದ್ದಳು. ಬಾಯಲ್ಲಿ ರಕ್ತದ ರುಚಿ. ಕೈಗೆ ಸಿಕ್ಕ ಕತ್ತರಿ ಹಿಡಿದು ಎದ್ದಳು.

"ಹತ್ರ ಬಾ ನೋಡಣ! ಕರುಳು ಕೀಳ್ತೀನಿ!"

"ನನ್ ಅಣ್ಣನ್ನ ಹಾಳ್ ಮಾಡ್ದೆ ನೀನು, ದರಿದ್ರದವಳೇ!"

ಅಷ್ಟರಲ್ಲಿ ಜನ ಸೇರಿದರು. ಗೊಬ್ಬರದ ಅಂಗಡಿಯ ಹೂವಯ್ಯ ಬಾಗಿಲಲ್ಲಿ ನಿಂತು ಕೂಗಿದರು: "ಏಯ್, ಪಟ್ಟಿ ಹಳೇದು ಮಾರಾಯ! ಮಳೇಲಿ ನೆಂದು ಲಡ್ಡಾಗಿತ್ತು. ಹೇಳು ಹುಲಿಯಮ್ಮ, ಹಳೇದಲ್ವಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಇಡೀ ಪೇಟೆ ಅವಳ ಕಡೆಗಿತ್ತು. ರಾಜೇಂದ್ರ ಹೆಗಲಿನಿಂದ ಹರಿದ ಪಟ್ಟಿ ತೆಗೆದು ಅವಳ ಮುಖಕ್ಕೆಸೆದ. ಅವಳು ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಹಳೆಯ ಬಟ್ಟೆ ಹರಿದರೆ ನೂಲೆಲ್ಲ ಕೆದರಿ ಅಂಕುಡೊಂಕಾಗಿ ಹರಿಯುತ್ತದೆ. ಇದು ಹಾಗಿರಲಿಲ್ಲ. ಅವಳದೇ ಸೂಜಿಯ ತೂತುಗಳ ಗುಂಟ, ಕ್ಯಾಲೆಂಡರಿನ ಹಾಳೆ ಕಿತ್ತ ಹಾಗೆ, ನೇರವಾಗಿ ಬಿಟ್ಟುಕೊಂಡಿತ್ತು.

ಕತ್ತರಿ ಕೆಳಗಿಟ್ಟಳು.

"ಪಟ್ಟಿ ಗಟ್ಟಿಯಾಗೇ ಇತ್ತು," ಎಂದಳು. "ನಾನು ಜಾಸ್ತಿ ಹೊಲಿದೆ. ತಪ್ಪು ನಂದು."

ರಾಜೇಂದ್ರ ಇಂಥ ಮಾತಿಗೆ ತಯಾರಾಗಿರಲಿಲ್ಲ. ಆದರೂ ಸಿಟ್ಟು ಇಳಿಯದೆ ಅವಳ ಬಲಗೈಯನ್ನು ಹಿಡಿದು ಮೇಜಿಗೆ ಒತ್ತಿ, ಕತ್ತಿಯ ಬೆನ್ನಿನಿಂದ ಹೊಡೆದ. ಎರಡು ಬೆರಳು ಹಸಿ ಕಡ್ಡಿಯ ಹಾಗೆ ಮುರಿದವು. ಜನ ಅವನ ಮೇಲೆ ಬಿದ್ದು ರಸ್ತೆಗೆಳೆದು, ಕಾಲಲ್ಲಿ, ಕೈಯಲ್ಲಿ, ಸಿಕ್ಕಿದ್ದರಲ್ಲಿ ಬಡಿದರು. ಮುರಿದ ಕೈಯನ್ನು ಎದೆಗೊತ್ತಿಕೊಂಡು ಹುಲಿಯಮ್ಮನೇ ಹೊರಗೆ ಬಂದು ಕಿರುಚಬೇಕಾಯಿತು: "ಬಿಡ್ರೋ! ಒಂದೇ ಮನೇಲಿ ಇಬ್ರನ್ನ ಮಲಗಿಸ್ತೀರಾ?"

ಪೊಲೀಸರು ಬಂದು ಕಂಪ್ಲೇಂಟು ಕೇಳಿದರೆ ಕೊಡಲಿಲ್ಲ. ಹೂವಯ್ಯ ಬೈದರು. ಪಟ್ಟಿ ಹಳೆಯದು ಎನ್ನದೇ ಹೋದದ್ದಕ್ಕೆ ಒಂದಷ್ಟು ಗಿರಾಕಿಗಳೂ ಹೋದರು. ತಪ್ಪು ಒಪ್ಪಿಕೊಂಡ ದರ್ಜಿಯ ಹತ್ತಿರ ಮದುವೆಯ ರವಿಕೆ ಯಾರು ಕೊಡುತ್ತಾರೆ?

ಪುಟ್ಟಪ್ಪ ಐದು ತಿಂಗಳಾದ ಮೇಲೆ ಬಂದ, ಎರಡು ಕಂಕುಳಲ್ಲೂ ಊರುಗೋಲು ಇಟ್ಟುಕೊಂಡು. ಕೂತ. ಅವಳ ಸೊಟ್ಟ ಬೆರಳುಗಳನ್ನು ನೋಡಿದ.

"ಮೂರನೇ ಸಾಲು ನಾನೇ ಕೇಳಿದ್ದು ಅಂತ ಹೇಳ್ಬೋದಿತ್ತಲ್ಲ ಅಕ್ಕ. ತಮ್ಮ ಹೊಡೀತಿರ್ಲಿಲ್ಲ."

"ನೀನ್ ಕೇಳಿದ್ದು ಹೌದು. ಬೇಡ ಅನ್ನಬೇಕಾದವಳು ನಾನು. ಮರ ಹತ್ತೋನಿಗೆ ಸೂಜಿ ವಿಷ್ಯ ಎಂತ ಗೊತ್ತಿರ್ತದೆ?"

ಪುಟ್ಟಪ್ಪ ಊರುಗೋಲುಗಳನ್ನು ಮೇಜಿಗೆ ಒರಗಿಸಿದ. "ನಿನ್ನೆ ರಾತ್ರಿ ಅವನಿಗೆ ಹೇಳ್ದೆ. ಊಟ ಬಿಟ್ಟು ಎದ್ದ."

"ಎಲ್ಲಿದಾನೆ?"

"ಹೊರಗೆ, ಆಟೋದಲ್ಲಿ. ಒಳಗೆ ಬರೋಕೆ ಮುಖ ಇಲ್ಲ ಅಂತಾನೆ."

"ಮುಖ ಇದ್ದೇ ಇರ್ತದೆ, ಕಳಿಸು."

ರಾಜೇಂದ್ರ ಬಂದು ತಲೆ ಬಗ್ಗಿಸಿ ನಿಂತ. ಹುಲಿಯಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡಳು.

"ಪಟ್ಟಿ ಹರಿದದ್ದು ನನ್ನ ತಪ್ಪು. ಅದನ್ನ ಪೇಟೆ ಎದುರು ಒಪ್ಪಿಕೊಂಡಿದೀನಿ. ಒಪ್ಪಿಕೊಂಡವಳ ಕೈ ಮುರಿದದ್ದು ಯಾರ ತಪ್ಪು?"

"ನಂದು," ಎಂದ ಅವನು, ನೆಲ ನೋಡುತ್ತ.

"ತಲೆ ಎತ್ತು."

ಎತ್ತಿದ. ಅವಳು ಎಡಗೈ ಬೀಸಿ ಹೊಡೆದ ಪೆಟ್ಟಿಗೆ ಸಾಗರದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ರಾಜೇಂದ್ರನ ತುಟಿ ಒಡೆದು ಗಲ್ಲದ ಮೇಲೆ ರಕ್ತ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ.

"ಈಗ ಕೂತ್ಕ," ಎಂದಳು ಹುಲಿಯಮ್ಮ. "ನಿಂಗೂ ನಿನ್ ಅಣ್ಣಂಗೂ ಚಾ ಹೇಳ್ತೀನಿ."