ಹೊತ್ತು ಮುಳುಗುವ ಮುಂಚಿನ ಊಟ

ಅಕ್ಕನ ಬಲಗೈ ಲಕ್ವಾ ಹೊಡೆದು ಬಿದ್ದುಹೋದ ಮೇಲೆ ನಮ್ಮ ಮನೆಯ ಒಲೆ ನನ್ನ ಪಾಲಿಗೆ ಬಂತು. ಆಗ ನನಗೆ ಅರವತ್ತನಾಲ್ಕು, ಅವಳಿಗೆ ಎಪ್ಪತ್ತಮೂರು. ಅಲ್ಲಿಯವರೆಗೆ ನಾನು ಮಾಡಿದ ಅಡುಗೆ ಎಂದರೆ ಚಹಾ.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಖಾನಾಪುರದಿಂದ ಬೆಳಗಾವಿಗೆ ರೈಲು ಗಾಡಿಯಲ್ಲಿ ಓಡಾಡಿ ಬಿ.ಎಸ್ಸಿ. ಮಾಡಿದೆ. ಅಕ್ಕ ಇಪ್ಪತ್ತೊಂದಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ದಿನಾ ಎರಡು ಜೋಳದ ರೊಟ್ಟಿ, ನಡುವೆ ಶೇಂಗಾ ಚಟ್ನಿ ಇಟ್ಟು ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದಳು. ದೇಸೂರು ಸ್ಟೇಷನ್ ದಾಟುವ ಮುಂಚೆಯೇ ನಾನು ಒಂದನ್ನು ಮುಗಿಸಿರುತ್ತಿದ್ದೆ. ನಾನು ಹಂಚಿನ ಹತ್ತಿರ ಹೋದರೆ ಬೈಯುತ್ತಿದ್ದಳು. ಒಲೆ ಮುಂದೆ ಕೂರುವವರು ಬೇಕಾದಷ್ಟು ಜನ ಇದ್ದಾರೆ, ನೀನು ಪುಸ್ತಕ ಹಿಡಿ ಅನ್ನುತ್ತಿದ್ದಳು.

ಮುಂದೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕರಗಿದ ಕಬ್ಬಿಣದಲ್ಲಿ ಇಂಗಾಲ ಎಷ್ಟು, ಸಿಲಿಕಾನ್ ಎಷ್ಟು ಎಂದು ನೋಡಿ ಹೇಳುವುದು ನನ್ನ ಕೆಲಸ. ನಾನು ಹ್ಞೂಂ ಅನ್ನದೆ ಲೋಹ ಅಚ್ಚಿಗೆ ಬೀಳುತ್ತಿರಲಿಲ್ಲ. ಅಷ್ಟು ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ನಾನು ಮದುವೆಯಾಗಲಿಲ್ಲ, ಅಕ್ಕ ಮತ್ತೆ ಆಗಲಿಲ್ಲ. ಬಾಡಿಗೆ ಮನೆಯಲ್ಲಿ ಮೂವತ್ತು ವರ್ಷ ಅವಳು ಬೇಯಿಸಿದಳು, ನಾನು ಉಂಡೆ. ನಿವೃತ್ತಿಯ ನಂತರ ಖಾನಾಪುರಕ್ಕೆ ಮರಳಿ ಎರಡು ಕೋಣೆಯ ಮನೆ ಕಟ್ಟಿದೆವು.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನಾನು ಈ ವಿಷಯದಲ್ಲಿ ಸಡಿಲ, ಫೌಂಡ್ರಿಯ ಎರಡನೇ ಪಾಳಿಯಲ್ಲಿ ಎಷ್ಟೋ ಸಲ ರಾತ್ರಿ ಉಂಡಿದ್ದೇನೆ. ಅಕ್ಕ ಹಾಗಲ್ಲ. ಗಂಡ ತೀರಿದ ವರ್ಷ ಬಸದಿಗೆ ಬಂದಿದ್ದ ಮುನಿಗಳ ಮುಂದೆ ಅವಳು ನೇಮ ತೆಗೆದುಕೊಂಡವಳು. ಸಂಜೆಯಾದ ಮೇಲೆ ನೀರನ್ನೂ ಮುಟ್ಟುವುದಿಲ್ಲ. ಐವತ್ತು ವರ್ಷ ಮೀರಿತು, ಒಂದು ದಿನವೂ ತಪ್ಪಿದ್ದಿಲ್ಲ. ಓದಿಲ್ಲ, ಗಂಡನಿಲ್ಲ, ಮಕ್ಕಳಿಲ್ಲ, ಈಗ ಕೈಯೂ ಇಲ್ಲ. ಅವಳದು ಅಂತ ಇದ್ದದ್ದು ಈ ನೇಮ ಒಂದೇ.

ಅಕ್ಕ ಆಸ್ಪತ್ರೆಯಿಂದ ಬಂದ ವಾರವೇ ನಾನು ಒಂದು ಹಾಳೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಏಳೂವರೆಗೆ ಉಪ್ಪಿಟ್ಟು, ಹನ್ನೊಂದೂವರೆಗೆ ಅನ್ನ ತೊವ್ವೆ, ಸಂಜೆ ಐದೂವರೆಗೆ ಗಂಜಿ. ಅವಳ ಸಕ್ಕರೆ ಕಾಯಿಲೆಯ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ. ಅಕ್ಕ ಹಾಳೆ ನೋಡಿ, "ಏನ ಬಾಯಾರ, ಮನೀನ ದವಾಖಾನಿ ಮಾಡಿಬಿಟ್ರಿ," ಅಂದಳು. ಲಕ್ವಾ ಹೊಡೆದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ನನಗೆ ಎಷ್ಟು ಧೈರ್ಯ ಬಂತೆಂದರೆ, ಇನ್ನು ಎಲ್ಲ ಸರಿಹೋಗುತ್ತದೆ ಅಂದುಕೊಂಡೆ.

ಸರಿಹೋಗಲಿಲ್ಲ. ಉಪ್ಪಿಟ್ಟು ಗಂಟಾಗುತ್ತಿತ್ತು. ತೊವ್ವೆಯಲ್ಲಿ ಬೇಳೆ ಒಂದು ಕಡೆ, ನೀರು ಒಂದು ಕಡೆ. ಅಕ್ಕ ಎಡಗೈಯಲ್ಲಿ ಚಮಚ ಹಿಡಿದು ನಾಲ್ಕು ಬಾಯಿ ಉಂಡು ತಟ್ಟೆ ಸರಿಸುತ್ತಿದ್ದಳು. ಅವಳ ಬೆಳ್ಳಿ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಡಾಕ್ಟರು ತೂಕ ನೋಡಿ, ಹೀಗೇ ಇಳಿದರೆ ಕಷ್ಟ, ಅವರಿಗೆ ಸೇರುವುದನ್ನು ಮಾಡಿ ಕೊಡಿ ಅಂದರು. ಅವಳಿಗೆ ಸೇರುವುದು ಏನೆಂದು ನನಗೆ ಗೊತ್ತಿತ್ತು. ಖಾನಾಪುರ ಅನ್ನದ ಊರು, ನಾವು ರೊಟ್ಟಿಯವರು.

ಡಿಸೆಂಬರಿನ ಒಂದು ಮಧ್ಯಾಹ್ನ ಅವಳೇ ಬಾಯಿಬಿಟ್ಟು, ಇವತ್ತು ಒಂದು ರೊಟ್ಟಿ ತಿನ್ನಬೇಕು ಅನಿಸುತ್ತಿದೆ ಅಂದಳು. ಕೇಳಿದ್ದರೆ ಸಾಕಿತ್ತು, ಬಾಜು ಮನೆಯ ಮುಸ್ಲಿಂ ಹೆಣ್ಣುಮಗಳು ಬಂದು ರೊಟ್ಟಿ ಬಡಿದು ಕೊಡುತ್ತಿದ್ದಳು. ನಾನು ಕೇಳಲಿಲ್ಲ. ಪದವಿ ಮಾಡಿದವಳಿಗೆ ಒಂದು ರೊಟ್ಟಿ ಬರುವುದಿಲ್ಲವೇ ಎಂಬ ಹಟ. ತೊವ್ವೆಗೆ ಇಟ್ಟೆ. ಅನ್ನಕ್ಕೆ ಇಡಲಿಲ್ಲ; ರೊಟ್ಟಿ ಇದ್ದಾಗ ಅನ್ನ ಯಾಕೆ ಅಂದುಕೊಂಡೆ. ಕ್ಯಾಲೆಂಡರ್ ನೋಡಿದೆ, ಹೊತ್ತು ಮುಳುಗುವುದು ಆರು ದಾಟಿದ ಮೇಲೆ. ಐದಕ್ಕೆ ಸರಿಯಾಗಿ ಮಾತ್ರೆ ಕೊಟ್ಟು ಪರಾತದಲ್ಲಿ ಹಿಟ್ಟು ಹಾಕಿದೆ.

ಮೊದಲ ಹಿಟ್ಟು ಕೈಯಲ್ಲೇ ಬಿರುಕುಬಿಟ್ಟಿತು. ಅಕ್ಕ ಕೋಣೆಯಿಂದಲೇ ನೋಡಿ, ನೀರು ಕುದಿದಿಲ್ಲ, ಅದಕ್ಕೆ ಜಿಗಿ ಬಂದಿಲ್ಲ ಅಂದಳು. ಚೆಲ್ಲಿ, ನೀರು ಕುದಿಸಿ ಮತ್ತೆ ನಾದಿದೆ. ಎರಡನೆಯದು ಹಂಚಿಗೆ ಎತ್ತಿ ಹಾಕುವಾಗ ಮೂರು ತುಂಡಾಯಿತು. ಆ ತುಂಡುಗಳನ್ನೇ ಸುಟ್ಟು ಕೊಟ್ಟಿದ್ದರೆ ಅವಳು ತಿನ್ನುತ್ತಿದ್ದಳು. ನನಗೆ ದುಂಡನೆಯ ರೊಟ್ಟಿ ಬೇಕಿತ್ತು. ಮೂರನೆಯದು ಉಬ್ಬಿತು, ಅವಳು ಮಾಡುತ್ತಿದ್ದಂತೆಯೇ. ತಟ್ಟೆಯಲ್ಲಿಟ್ಟು ತೊವ್ವೆ ಬಡಿಸಿ ಕೊಂಡೊಯ್ದೆ.

ಅಕ್ಕ ಬಾಗಿಲ ಕಡೆ ನೋಡುತ್ತಿದ್ದಳು. ಎದುರು ಮನೆಯ ಹೆಂಚಿನ ಮೇಲಿನ ಬಿಸಿಲು ಆರಿದರೆ ಅವಳ ಮಟ್ಟಿಗೆ ರಾತ್ರಿ. ಅದು ಆರಿಹೋಗಿತ್ತು.

"ಹೊತ್ತು ಹೋತು, ತಂಗಿ," ಅಂದಳು.

ಇನ್ನೂ ಹತ್ತು ನಿಮಿಷ ಇದೆ, ಕ್ಯಾಲೆಂಡರಿನಲ್ಲಿ ಅಚ್ಚಾಗಿದೆ ಎಂದು ವಾದಿಸಿದೆ. ಮಾತ್ರೆ ಹೊಟ್ಟೆಯಲ್ಲಿದೆ, ಉಣ್ಣದಿದ್ದರೆ ಸಕ್ಕರೆ ಇಳಿಯುತ್ತದೆ ಅಂದೆ.

"ಕ್ಯಾಲೆಂಡರ್ ನಿಂದು. ನೇಮ ನಂದು." ಸಿಟ್ಟಿಲ್ಲದೆ ಹೇಳಿ ಎಡಗೈಯಿಂದ ತಟ್ಟೆಯ ಮೇಲೆ ಸೆರಗು ಎಳೆದಳು.

ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ, ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಡಿಸೆಂಬರಿನ ಥಂಡಿಯಲ್ಲಿ ಕುಪ್ಪಸ ಒದ್ದೆಯಾಯಿತು. ಏನೋ ಅಂದಳು, ಮಾತು ತೊದಲಿತು. ಸಕ್ಕರೆ ನೀರು ಕಲಸಿ ತಂದೆ. ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಕೈ ಮುಗಿದೆ, ಕಾಲು ಹಿಡಿದೆ. ತುಟಿ ತೆರೆಯಲಿಲ್ಲ. ನೇಮ ಅಂದರೆ ನೇಮ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಕಣ್ಣೂ ಮೇಲೆ ಹೋಯಿತು.

ನಾನು ಚೀರಿದ್ದಕ್ಕೆ ಬಾಜು ಮನೆಯವಳು ಓಡಿ ಬಂದಳು. ಏನಾಯಿತೆಂದು ಎರಡು ಮಾತಿನಲ್ಲಿ ಹೇಳಿದೆ. ಅವಳಿಗೆ ನಮ್ಮ ನೇಮ ಗೊತ್ತು. ಸಂಜೆ ನಮ್ಮ ಮನೆಗೆ ಬಂದರೆ ನೀರು ಕೂಡ ಕೇಳುತ್ತಿರಲಿಲ್ಲ. ಲೋಟ ನೋಡಿದಳು, ನನ್ನನ್ನು ನೋಡಿದಳು.

"ನಾ ತಲಿ ಹಿಡೀತೀನಿ, ನೀವು ಹಾಕ್ರಿ ಬಾಯಾರ. ಪಾಪ ಬಂದ್ರ ಇಬ್ರೂ ಹಂಚ್ಕೊಳ್ಳೂಣು."

ನಾನು ನನ್ನ ಅಕ್ಕನ ದವಡೆಯನ್ನು ಬೆರಳಿನಿಂದ ಒತ್ತಿ ಬಿಡಿಸಿ, ಚಮಚದಲ್ಲಿ ಒಂದೊಂದೇ ಹನಿ ಕೆನ್ನೆಯ ಒಳಗೆ ಬಿಟ್ಟೆ. ಅರ್ಧ ಚೆಲ್ಲಿತು, ಅರ್ಧ ಇಳಿಯಿತು. ಐವತ್ತು ವರ್ಷ ಅವಳು ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ಲೋಟ ಸಕ್ಕರೆ ನೀರಿನಲ್ಲಿ ಮುಗಿಸಿದೆ. ಎಚ್ಚರವಾದಾಗ ಅವಳು ನಾಲಿಗೆಯಿಂದ ತುಟಿ ಸವರಿದಳು. ಸಿಹಿ ತಿಳಿಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮರುದಿನ ಹೊತ್ತು ಏರಿದರೂ ಹಲ್ಲುಜ್ಜಲಿಲ್ಲ. ಮೂರು ದಿನ ಉಪವಾಸ ಮಾಡಿ ತಪ್ಪು ತೊಳೆಯುತ್ತೇನೆ ಅಂದಳು. ಮೂರು ದಿನ ಎಂದರೆ ಅವಳು ಉಳಿಯುವುದಿಲ್ಲ. ನಾನು ಕುಳಿತು ಅತ್ತೆ. ಮಾತ್ರೆ ಕೊಟ್ಟವಳು ನಾನು, ಹಟ ಮಾಡಿದವಳು ನಾನು, ಬಾಯಿ ತೆರೆಸಿದವಳೂ ನಾನು. ಉಪವಾಸ ನನಗೆ ಹೇಳು ಅಂದೆ.

"ನೀ ಉಪವಾಸ ಬಿದ್ರ ನನ್ನ ಯಾರು ನೋಡ್ತಾರ? ಶಾಣ್ಯಾಕಿ," ಅಂದಳು. ಆಮೇಲೆ, ಉಪವಾಸ ಬೇಡ, ಬಸದಿಗೆ ಕರೆದುಕೊಂಡು ಹೋಗು ಅಂದಳು.

ಆಟೋದಲ್ಲಿ ಕರೆದೊಯ್ದೆ. ದೇವರ ಮುಂದೆ ಎಡಗೈ ಒಂದನ್ನೇ ಎದೆಗಿಟ್ಟುಕೊಂಡು ನಿಂತಳು. ಏನು ಹೇಳಿಕೊಂಡಳೋ ಕೇಳಿಸಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ತೊಡಿಸುವಾಗ ಹೇಳಿದಳು.

"ರೊಟ್ಟಿ ಬಿಟ್ಟೆ. ಸಾಯೋತನಕ."

ಚಪ್ಪಲಿಯ ಪಟ್ಟಿ ನನ್ನ ಕೈಯಲ್ಲೇ ಉಳಿಯಿತು. ಬಿಡಬೇಡ, ಬೇರೆ ಏನಾದರೂ ಬಿಡು ಅನ್ನಲು ಹೊರಟೆ. ತೆಗೆದುಕೊಂಡ ನೇಮವನ್ನು ತಿರುಗಿ ಕೊಡಲಾಗುವುದಿಲ್ಲ ಎಂದು ನನಗೂ ಗೊತ್ತು. ನನಗೆ ಶಿಕ್ಷೆ ಕೊಟ್ಟಳೋ, ಇನ್ನು ಹಂಚಿನ ಮುಂದೆ ನಾನು ಕೂರದಿರಲಿ ಎಂದು ಬಿಟ್ಟಳೋ, ಇವತ್ತಿಗೂ ಕೇಳಿಲ್ಲ.

ಈಗ ಮೂರೂವರೆಗೇ ಒಲೆ ಹಚ್ಚುತ್ತೇನೆ. ಕುಕ್ಕರ್ ಇಳಿಸಿ, ಅನ್ನ ಬೆಂದಿದೆಯೆಂದು ಬೆರಳಲ್ಲಿ ಹಿಚುಕಿ ನೋಡಿದ ಮೇಲೆಯೇ ಮಾತ್ರೆ ಕೊಡುವುದು. ನಾಲ್ಕೂವರೆಗೆ ಬಿಸಿಲು ಇನ್ನೂ ಚುರುಚುರು ಅನ್ನುವಾಗ ಇಬ್ಬರು ಮುದುಕಿಯರು ಎದುರುಬದುರು ಕುಳಿತು ಮೆತ್ತನೆಯ ಅನ್ನ, ತೊವ್ವೆ ಉಣ್ಣುತ್ತೇವೆ. ನನ್ನ ತೊವ್ವೆ ಈಗ ಪರವಾಗಿಲ್ಲ. ಅಕ್ಕ ತಕರಾರು ಮಾಡುವುದಿಲ್ಲ, ತಮಾಷೆಯನ್ನೂ ಮಾಡುವುದಿಲ್ಲ. ಬಳೆಗಳನ್ನು ತೆಗೆದು ಡಬ್ಬಿಯಲ್ಲಿಟ್ಟಿದ್ದಾಳೆ. ಸಂಕ್ರಾಂತಿಯ ಹೊತ್ತಿಗೆ ಎಂಟು ತುತ್ತು ಉಣ್ಣುತ್ತಿದ್ದಳು. ನಿನ್ನೆ ಐದು ಉಂಡಳು, ಇವತ್ತು ನಾಲ್ಕು. ಇನ್ನೊಂದು ಉಣ್ಣು ಅಂದೆ. ಸಾಕು ಅಂದಳು. ಹೊರಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.