ಬುಧವಾರದ ಕಂಡಕ್ಟರ್
ನಿವೃತ್ತಿಯಾಗಿ ಆರು ವರ್ಷವಾದರೂ ಈ ಕಂಡಕ್ಟರ್ ಬಸ್ಸಿನಿಂದ ಇಳಿದಿಲ್ಲ. ಬುಧವಾರ ಬೆಳಗ್ಗೆ ಏಳಕ್ಕೆಲ್ಲ ಅಕ್ಕನ ಮನೆ ಬಾಗಿಲಲ್ಲಿ ಹಾಜರು. ಮೊದಲು ಬಂದ ಬಸ್ಸು ಹತ್ತುವುದು, ಕೊನೆಯ ಸ್ಟಾಪಿನಲ್ಲಿ ಬುತ್ತಿ ಬಿಚ್ಚುವುದು, ಸಂಜೆಗೆ ವಾಪಸ್ಸು. ಅಕ್ಕನಿಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ತಾನು ಮಾತ್ರ ಕಂಬಕ್ಕೊರಗಿ ನಿಂತು, "ಒಳಗೆ ನಡೀರಿ, ಜಾಗ ಇದೆ" ಎಂದು ಎಲ್ಲರನ್ನೂ ಗದರುತ್ತಾನೆ. ಈಗಿನ ಕಂಡಕ್ಟರ್ ಕಣ್ಣು ಕೆಂಪಗೆ ಮಾಡಿದರೆ ಅವನಿಗೂ ಒಂದು ಗದರಿಕೆ. "ಅಮ್ಮನಿಗೆ ಈ ಸ್ಥಿತೀಲಿ ತಿರುಗಾಟ ಬೇಕಾ ಮಾವ?" ಎಂದು ಅಕ್ಕನ ಮಗಳು ಗೊಣಗಿದರೆ, "ನಿಮ್ಮಮ್ಮನ್ನೇ ಕೇಳು" ಎನ್ನುತ್ತಾನೆ, ಅಕ್ಕ ಆಗಲೇ ಚಪ್ಪಲಿ ಮೆಟ್ಟಿರುತ್ತಾಳೆ. ಅವಳಿಗಿನ್ನು ಆರೇ ತಿಂಗಳು ಎಂದು ಡಾಕ್ಟರ್ ಹೇಳಿದ ದಿನ ಅವನು ಆಸ್ಪತ್ರೆಯಿಂದ ನೇರವಾಗಿ ಬಸ್ ನಿಲ್ದಾಣಕ್ಕೆ ಹೋಗಿ, ಅವಳ ಹೆಸರಿಗೆ ಇಡೀ ವರ್ಷದ ಪಾಸು ಮಾಡಿಸಿದ್ದ. ಹೋದ ವಾರ ಅದರ ಅವಧಿ ಮುಗಿಯಿತು. ಹೊಸ ಪಾಸಿಗೆ ಅಕ್ಕನೇ ಸಾಲಿನಲ್ಲಿ ನಿಂತಳು.