ನೀರಿಗೆ ಎದುರಾಗಿ ನಡೆದವನು

ನೀರುಗಂಟಿ ತಾತನ ಪಾದಗಳನ್ನು ಒಮ್ಮೆ ನೋಡಿದವರು ಮರೆಯುವಂತಿರಲಿಲ್ಲ. ವರ್ಷದ ಬಹುಭಾಗ ನೀರಿನಲ್ಲೂ ಕೆಸರಿನಲ್ಲೂ ನೆನೆದು ಅವು ಬಿಳಿಚಿಕೊಂಡಿದ್ದವು. ಬೆರಳುಗಳು ಒಂದರ ಮೇಲೊಂದು ಮುನಿಸಿಕೊಂಡಂತೆ ದೂರದೂರ ಚಾಚಿಕೊಂಡಿದ್ದವು. ಎರಡು ಹೆಬ್ಬೆರಳಿಗೂ ಉಗುರಿರಲಿಲ್ಲ. ಆ ಪಾದಗಳಿಗೆ ಒಂದು ಗುಣವಿತ್ತು. ನಡೆಯುವಾಗ ಅವು ಅವನ ಕಣ್ಣಿಗಿಂತ ಮೊದಲು ನಿಲ್ಲುತ್ತಿದ್ದವು. ಎತ್ತಿದ ಕಾಲು ಎತ್ತಿದಂತೆಯೇ ಗಾಳಿಯಲ್ಲಿ ತಡೆಯುತ್ತಿತ್ತು. ಆಮೇಲೆ ಅವನು ಬಗ್ಗಿ ನೋಡುತ್ತಿದ್ದ. ಅಲ್ಲೊಂದು ಕಪ್ಪೆಯೋ ನಳ್ಳಿಯೋ ಹುಲ್ಲಿನ ಬುಡದಲ್ಲಿ ಗೌಜಲಕ್ಕಿಯ ಗೂಡೋ ಇದ್ದೇ ಇರುತ್ತಿತ್ತು.

ನಮ್ಮೂರು ಕಿರುಗಾವಲಿನಿಂದ ಆಚೆ, ಗಾಡಿದಾರಿಯ ಮೇಲಿತ್ತು. ನಾನು ಹುಡುಗನಾಗಿದ್ದಾಗ ಅಲ್ಲಿಗೆ ನಾಲೆಯ ನೀರು ಬಂತು. ನೀರು ಬಂದ ಮೇಲೆ ಅದನ್ನು ಸರದಿಯಂತೆ ಗದ್ದೆಗದ್ದೆಗೆ ಹರಿಸಲು ಒಬ್ಬ ನೀರುಗಂಟಿ ಬೇಕಾದ. ಊರವರು ತಾತನನ್ನು ನೇಮಿಸಿದರು. ಹೆಗಲ ಮೇಲೆ ಗುದ್ದಲಿ, ತಲೆಯ ಮೇಲೆ ಕಂಬಳಿಯ ಕೊಪ್ಪೆ, ಜೊತೆಗೆ ಯಾರೂ ಇಲ್ಲ. ಅವನ ಹೆಂಡತಿ ಮತ್ತು ಇಬ್ಬರು ಮಕ್ಕಳು ಒಂದೇ ಪ್ಲೇಗಿನಲ್ಲಿ ಹೋಗಿದ್ದರು. ಅದು ನಾನು ಹುಟ್ಟುವ ಮೊದಲಿನ ಮಾತು.

ಬೇಸಗೆಯಲ್ಲಿ ನಾಲೆಯನ್ನು ನಿಲ್ಲಿಸುತ್ತಿದ್ದರು. ನಮ್ಮ ಕಾಲುವೆ ಒಣಗಿ ತಳದ ಜಲ್ಲಿ ಕಾಣುತ್ತಿತ್ತು. ಮತ್ತೆ ನೀರು ಬಿಡುವ ದಿನ ಊರ ಹಿರಿಯರು ಅರಿಸಿನ ಕುಂಕುಮ ತೆಂಗಿನಕಾಯಿ ಹಿಡಿದು ಮೇಲಿನ ತೂಬಿನ ಬಳಿ ಗಂಗೆಪೂಜೆಗೆ ಸೇರುತ್ತಿದ್ದರು. ಅದೇ ಹೊತ್ತಿಗೆ ತಾತ ಕಾಲುವೆಯ ಇನ್ನೊಂದು ತುದಿಯಲ್ಲಿ ಇಳಿಯುತ್ತಿದ್ದ. ಕೈಯಲ್ಲಿ ಒಂದು ಹರಕು ಮೊರ, ಒಂದು ಕೋಲು. ಒಣಗಿದ ಕಾಲುವೆಯಲ್ಲಿ ಮನೆ ಮಾಡಿಕೊಂಡ ಹುಳಹುಪ್ಪಟೆಗಳನ್ನು ಎಬ್ಬಿಸಲು, ನೀರು ಬರುವ ದಿಕ್ಕಿಗೆ ಮುಖ ಮಾಡಿ ಮೊರ ಬಡಿಯುತ್ತಾ ನಡೆಯುತ್ತಿದ್ದ.

“ನೀರು ಬತ್ತದೆ! ಎದ್ದೇಳ್ರವ್ವಾ, ಎದ್ದೇಳ್ರಪ್ಪಾ! ಮಕ್ಳು ಮರಿ ಎತ್ಕೊಂಡು ದಡಕ್ಕತ್ರೀ!”

ಹಾಗೆ ತೂಬಿನವರೆಗೆ ನಡೆದುಬಂದು ಮೊರವನ್ನು ಕೆಳಗಿಟ್ಟ ಮೇಲೆಯೇ ಕಾಯಿ ಒಡೆದು ತೂಬು ಎತ್ತಬೇಕು. ಇದು ಅವನೇ ಮಾಡಿಕೊಂಡ ಪದ್ಧತಿ. ಊರು ನಗುತ್ತಲೇ ಒಪ್ಪಿಕೊಂಡಿತ್ತು.

“ಏನ್ಲಾ, ನಿನ್ ನೆಂಟ್ರೆಲ್ಲ ಎದ್ರಾ?” ಎಂದು ಊರ ಯಜಮಾನನಾಗಿದ್ದ ನಮ್ಮ ದೊಡ್ಡಪ್ಪ ಪ್ರತಿ ವರ್ಷವೂ ಕೇಳುತ್ತಿದ್ದ. ಇಬ್ಬರೂ ಒಂದೇ ವಾರಿಗೆಯವರು.

“ಎದ್ರು ಕಣ್ಲಾ. ನಿಮ್ ಕಡೆಯೋನೂ ಒಬ್ಬ ಇದ್ದ, ಎಗ್ಗಣ. ಒಟ್ಟೆ ದಪ್ಪ ನೋಡು, ಏಳಾಕೇ ಆಗ್ನಿಲ್ಲ.”

ಹಿರಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾಯಿ ಒಡೆಯುತ್ತಿತ್ತು, ನೀರು ಇಳಿಯುತ್ತಿತ್ತು.

ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ ವರ್ಷ, ಯುದ್ಧದ ಕಾಲ, ನನ್ನ ಅವ್ವ ತೀರಿಹೋದಳು. ಸುದ್ದಿ ತಡವಾಗಿ ತಲುಪಿತು. ನಾನು ಬಸ್ಸಿಳಿದು ಓಡುತ್ತಾ ಮನೆ ಮುಟ್ಟುವಾಗ ಮಣ್ಣು ಮಾಡಿ ಬಂದವರು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು. ಅವಳ ಬಾಯಿಗೆ ಒಂದು ತೊಟ್ಟು ನೀರು ಬಿಡಲು ನನಗೆ ಆಗಲಿಲ್ಲ. ತಿಥಿ ಮುಗಿದರೂ ನೆಂಟರು ಬರುತ್ತಲೇ ಇದ್ದರು. ಹೊಸದಾಗಿ ಬಂದವರೊಂದಿಗೆ ಮನೆಯ ಹೆಂಗಸರು ಮೊದಲಿನಿಂದ ಅಳುತ್ತಿದ್ದರು. ನನಗೆ ಅಳು ಬರುತ್ತಿರಲಿಲ್ಲ, ನಿದ್ರೆಯೂ ಬರುತ್ತಿರಲಿಲ್ಲ. ಮನೆಯಿಂದ ತಪ್ಪಿಸಿಕೊಂಡು ಒಣಗಿದ ಕಾಲುವೆಗೆ ಹೋಗುತ್ತಿದ್ದೆ. ಗಾಡಿದಾರಿ ಕಾಲುವೆಯನ್ನು ದಾಟುವಲ್ಲಿ ಕಲ್ಲಿನ ಮೋರಿಯೊಂದಿತ್ತು. ಬಗ್ಗಿ ನುಸುಳಬೇಕಾದಷ್ಟು ತಗ್ಗು, ಉದ್ದ. ಒಳಗೆ ತಂಪು. ಯಾರೂ ಮಾತನಾಡಿಸದ ಜಾಗ ಊರಿನಲ್ಲಿ ಅದೊಂದೇ ಇತ್ತು.

ಅಲ್ಲಿ ತಾತ ನನ್ನನ್ನು ಕಂಡ. ಸಮಾಧಾನ ಹೇಳಲಿಲ್ಲ. “ಬಾ ಇಲ್ಲಿ, ಸದ್ದು ಮಾಡ್ಬೇಡ” ಎಂದು ದಡದ ಹೊಂಗೆಯ ನೆರಳಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡ. ಮೋರಿಯಿಂದ ಸ್ವಲ್ಪ ಕೆಳಗೆ, ಕಾಲುವೆಯ ತಳದ ಜಲ್ಲಿಯ ಮೇಲೆ ಒಂದು ಟಿಟ್ಟಿಭ ಹಕ್ಕಿ ಕೂತಿತ್ತು. ಗೂಡಿಲ್ಲ, ಮರೆಯಿಲ್ಲ, ಮೇಲೆ ಉರಿಯುವ ಬಿಸಿಲು. ಕೆಳಗೆ ಮೊಟ್ಟೆಗಳಿವೆ ಎಂದ. ನನ್ನ ಕಣ್ಣಿಗೆ ಕಲ್ಲುಗಳಷ್ಟೇ ಕಂಡವು.

ಹಕ್ಕಿ ಎದ್ದು ಮೋರಿಯ ಬಾಯಲ್ಲಿ ಉಳಿದಿದ್ದ ಒಂದು ಬೊಗಸೆ ನೀರಿನ ಗುಂಡಿಗೆ ನಡೆಯಿತು. ಅದರಲ್ಲಿ ಎದೆಯೂರಿ ಕೂತು, ಗರಿ ನೆನೆಸಿಕೊಂಡು, ಓಡಿಬಂದು ಮತ್ತೆ ಮೊಟ್ಟೆಗಳ ಮೇಲೆ ಕೂತಿತು.

“ಮೊಟ್ಟೆ ಬೇಯ್ಬಾರ್ದು ನೋಡು. ಎದೇಲಿ ನೀರು ಒತ್ಕೊಂಡ್ಬಂದು ತಂಪು ಮಾಡ್ತಾಳೆ. ಬೆಳಗಿಂದ ಇದೇ ಕೆಲ್ಸ” ಎಂದ ತಾತ.

ಹಕ್ಕಿ ಮತ್ತೆ ಎದ್ದಿತು, ಮತ್ತೆ ಎದೆ ನೆನೆಸಿಕೊಂಡು ಬಂತು. ನನಗೆ ಜ್ವರ ಬಂದಾಗ ಅವ್ವ ಒದ್ದೆ ಸೆರಗನ್ನು ನನ್ನ ಹಣೆಗೆ ಒತ್ತುತ್ತಿದ್ದುದು ನೆನಪಾಯಿತು. ಅಂದು ಮೊದಲ ಬಾರಿಗೆ ಅತ್ತೆ. ತಾತ ಹಕ್ಕಿಯನ್ನೇ ನೋಡುತ್ತಾ ಕೂತಿದ್ದ. ಆಮೇಲೆ ತನ್ನ ಕಥೆ ಹೇಳಿದ.

“ಪ್ಲೇಗ್ನಲ್ಲಿ ಊರಾಚೆ ಗುಡ್ಲಾಕಿದ್ವಲ್ಲ, ಮೂವರ್ನೂ ಮಣ್ ಮಾಡಿ ಬಂದು ಅಲ್ಲೇ ಒಬ್ನೇ ಕೂತಿದ್ದೆ. ಕೆರೆಗೆ ಬೀಳಾನಾ ಅಂತಿದ್ದೆ. ಸೂರಿಂದ ಒಂದು ಅಳಿಲು ಮರಿ ತೊಡೆ ಮೇಲೆ ಬಿತ್ತು. ಕಣ್ಣೂ ಬಿಟ್ಟಿರ್ನಿಲ್ಲ. ಬಾಯಿ ಮಾತ್ರ ಬಿಡ್ತಾ ಅದೆ. ಕೆರೆಗೆ ಓಗಾದು ಎಂಗ್ಲಾ? ಅದುಕ್ಕೆ ಆಲು ತರಾಕೋದೆ.” ಹಕ್ಕಿಯ ಕಡೆ ಕೈ ತೋರಿಸಿ, “ಇವಕ್ಕೆ ಸಿವ ನನ್ನ ಇಟ್ಟವ್ನೆ. ನಂಗೂ ಯಾರ್ನೋ ಇಟ್ಟಿರ್ತಾನೆ ಕಣ್ಲಾ ಮಗ” ಎಂದ.

ನಾನು ಕಾಲೇಜಿನವನು, ಜೊತೆಗೆ ನೊಂದವನು. “ನಿನ್ ಮಕ್ಳಿಗೆ ಯಾರ್ನ ಇಟ್ಟಿದ್ದ ತಾತ?” ಎಂದು ಕೇಳಿಬಿಟ್ಟೆ.

ಅವನು ಕಾಲ್ಬೆರಳುಗಳಲ್ಲಿ ಒಣಗಿದ್ದ ಮಣ್ಣನ್ನು ಬಿಡಿಸುತ್ತಾ ಕೂತ. “ಗೊತ್ತಿಲ್ಲ ಕಣ್ಲಾ. ಅದ್ನ ಅವುನ್ನೇ ಕೇಳ್ತಾ ಇವ್ನಿ. ಇನ್ನೂ ಯೋಳಿಲ್ಲ.”

ಅದಾದ ಮೇಲೆ ದಿನವೂ ಹಕ್ಕಿಯನ್ನು ನೋಡಲು ಹೋಗತೊಡಗಿದೆ. ನೀರು ಬಿಡುವ ದಿನ ಹತ್ತಿರವಾದಾಗ ತಾತ ದೊಡ್ಡಪ್ಪನ ಬಳಿ ಬಂದು, ಮರಿ ಒಡೆಯುವವರೆಗೆ ತಡೆಯಿರಿ ಎಂದು ಕೇಳಿಕೊಂಡ.

“ಭತ್ತದ ಒಟ್ಲು ಒಣುಗ್ತಾ ಅದೆ ಕಣ್ಲಾ. ಟಿಟ್ಟಿಬಕ್ಕೆ ಬಾಣಂತನ ಮಾಡ್ಕೊಂಡು ಕೂತ್ಕಳಾನಾ ಊರ್ನೋರೆಲ್ಲ?” ಎಂದ ದೊಡ್ಡಪ್ಪ. ಕೊನೆಗೆ ಬಯ್ಯುತ್ತಲೇ ಶುಕ್ರವಾರಕ್ಕೆ ಮುಂದೆ ಹಾಕಿದ. ಗುರುವಾರ ಮೊಟ್ಟೆ ಒಡೆದು ನಾಲ್ಕು ಮರಿಗಳಾದವು.

ಆ ಶುಕ್ರವಾರ ನಾನು ಬೆಳಗ್ಗೆಯೇ ಮೋರಿಯೊಳಗೆ ಹೋಗಿ ಮಲಗಿದ್ದೆ. ನೀರು ಬಿಡುತ್ತಾರೆಂದು ಕೇಳಿದ್ದೆ. ಆದರೆ ಆ ದುಃಖದಲ್ಲಿ ವಾರಗಳೆಲ್ಲ ಕಲಸಿಹೋಗಿದ್ದವು; ಅದು ಇಂದೇ ಎಂದು ಹೊಳೆಯಲಿಲ್ಲ. ಎಷ್ಟೋ ರಾತ್ರಿಗಳಿಂದ ಬಾರದ ನಿದ್ರೆ ಆ ತಂಪಿನಲ್ಲಿ ಬಂತು.

ಆಮೇಲೆ ಎಲ್ಲರ ಮಾತು ಕೂಡಿಸಿ ತಿಳಿದುಕೊಂಡದ್ದು ಇಷ್ಟು. ತಾತ ಮೊರ ಬಡಿಯುತ್ತಾ ಟಿಟ್ಟಿಭದ ಜಾಗಕ್ಕೆ ಬಂದ. ಮರಿಗಳು ಓಡಬಲ್ಲವು, ಆದರೆ ಹೆದರಿದರೆ ಜಲ್ಲಿಗೆ ಅಂಟಿಕೊಂಡು ಕೂತುಬಿಡುತ್ತವೆ, ಕಲ್ಲಿಗೂ ಅವಕ್ಕೂ ವ್ಯತ್ಯಾಸ ತಿಳಿಯದು. ತಾತ ಮೊರ ಬಡಿಯುವುದನ್ನು ನಿಲ್ಲಿಸಿ, ಮೊಣಕಾಲೂರಿ, ಒಂದೊಂದನ್ನೇ ಹುಡುಕಿ ದಡ ಹತ್ತಿಸತೊಡಗಿದ. ಮೇಲೆ ತೂಬಿನ ಬಳಿ ಇದ್ದವರಿಗೆ ಹತ್ತಿರ ಬರುತ್ತಿದ್ದ ಮೊರದ ಸದ್ದು ನಿಂತದ್ದು ಕೇಳಿಸಿತು. ಶುಕ್ರವಾರ ನಡುಹಗಲಿಗೆ ಮುಂಚೆಯೇ ರಾಹುಕಾಲ ಕೂರುತ್ತದೆ. ಅದಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. “ಸದ್ದು ನಿಂತದೆ, ಮೇಲತ್ತವ್ನೆ. ರಾವುಕಾಲ ಬಂದ್ರೆ ಈ ದಿನ ಓಯ್ತು, ಎತ್ರಲಾ” ಎಂದ ದೊಡ್ಡಪ್ಪ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಮೊರ ನೆಲಕ್ಕಿಳಿಯುವ ಮೊದಲೇ ತೂಬು ಎತ್ತಿದರು.

ನನಗೆ ಮೊದಲು ಗೊತ್ತಾದದ್ದು ಗಾಳಿ. ಒದ್ದೆ ಮಣ್ಣಿನ ವಾಸನೆಯ ತಣ್ಣನೆಯ ಗಾಳಿ ಮೋರಿಯೊಳಗೆ ನುಗ್ಗಿತು. ಆಮೇಲೆ ಒಣಗಿದ ಎಲೆಗಳ ಮೇಲೆ ದನಗಳ ಮಂದೆ ಓಡಿಬಂದಂಥ ಸದ್ದು. ಕಣ್ಣು ಬಿಟ್ಟಾಗ ಕೆಳಗಿನ ಬಾಯಲ್ಲಿ ತಾತನ ಮುಖ ಕಂಡಿತು. ನೀರಿನ ಸದ್ದು ಕೇಳಿ, ಟಿಟ್ಟಿಭದ ಮರಿಗಳೆಲ್ಲ ದಡ ಹತ್ತಿದವೋ ಇಲ್ಲವೋ ಎಣಿಸದೆ ಓಡಿಬಂದಿದ್ದ; ಮುಂಗುಸಿ ಮರಿ ಹಾಕಿರಬಹುದೆಂದು ಆ ಮೋರಿಯೊಳಗೆ ಬಗ್ಗಿ ನೋಡುವುದು ಅವನ ಅಭ್ಯಾಸ.

“ಲೇ ಮಗಾ! ನೀರು! ಬಾರ್ಲಾ ಈಚ್ಗೆ!”

ನಿದ್ದೆಗಣ್ಣಿನಲ್ಲಿ ನಾನು ಎದುರು ದಿಕ್ಕಿಗೆ, ನೀರು ಬರುವ ಕಡೆಗೆ ತೆವಳಿದೆ. ಇಂದಿಗೂ ಕನಸಿನಲ್ಲಿ ಹಾಗೆಯೇ ತೆವಳುತ್ತೇನೆ. ಅವನು ಒಳಗೆ ನುಗ್ಗಿ ನನ್ನ ಕಾಲು ಹಿಡಿದು ದರದರನೆ ಎಳೆದುಕೊಂಡ. ಹೊರಗೆ ಬಂದದ್ದೇ ನನ್ನ ತೊಡೆಗೆ ಹೆಗಲು ಕೊಟ್ಟು ದಡಕ್ಕೆ ಎಸೆದ. ಕೈಗೊಂದು ಎಕ್ಕದ ಗಿಡ ಸಿಕ್ಕಿತು. ಅದನ್ನು ಹಿಡಿದು ಹಿಂತಿರುಗಿ ಇನ್ನೊಂದು ಕೈ ಚಾಚಿದೆ. ಅವನ ಬೆರಳುಗಳ ತುದಿ ನನ್ನ ಅಂಗೈಗೆ ತಾಗಿತು. ಅಷ್ಟರಲ್ಲಿ ಕಡ್ಡಿ ಕಸ ಮುಳ್ಳು ಹೊತ್ತ ಕೆಂಪು ನೀರು ಮೋರಿಯಿಂದ ಸಿಡಿದು ಅವನ ಬೆನ್ನಿಗೆ ಬಡಿಯಿತು. ನನ್ನ ಅಂಗೈ ಬರಿದಾಗಿತ್ತು. ಹರಕು ಮೊರ ಗಿರಗಿರನೆ ತಿರುಗುತ್ತಾ ತೇಲಿಹೋಯಿತು.

ಕೂಗುತ್ತಾ ದಡದಗುಂಟ ಓಡಿದೆ. ತೂಬಿನವರು ಓಡಿಬಂದರು. ಕಾಲುವೆ ತಿರುಗುವಲ್ಲಿ ಹೊಂಗೆಯ ಬೇರಿಗೆ ಅವನು ಸಿಕ್ಕಿಕೊಂಡಿದ್ದ. ಎಲ್ಲರಿಗಿಂತ ಮೊದಲು ನೀರಿಗೆ ಹಾರಿದವನು ದೊಡ್ಡಪ್ಪ.

ಉಸಿರಿತ್ತು. ಗಾಡಿ ಕಟ್ಟಿಕೊಂಡು ಮಳವಳ್ಳಿಗೆ ಒಯ್ದೆವು. ಡಾಕ್ಟರು ಎದೆ ಮುಟ್ಟಿ ನೋಡಿ, ಪಕ್ಕೆಲುಬುಗಳು ಮುರಿದಿವೆ, ಎದೆಯಲ್ಲಿ ನೀರು ಕಟ್ಟಿ ಜ್ವರ ಬರುತ್ತದೆ, ವಯಸ್ಸೂ ಆಗಿದೆ ಎಂದರು. ಮನೆಗೇ ಕರೆದುಕೊಂಡು ಹೋಗಿ ಎಂದರು. ವಾಪಸು ಬರುವಾಗ ಗಾಡಿಯನ್ನು ಅವನ ಗುಡಿಸಿಲಿನ ಕಡೆಗೆ ತಿರುಗಿಸಲು ದೊಡ್ಡಪ್ಪ ಬಿಡಲಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ, ಅವ್ವ ಮಲಗಿದ್ದ ಜಾಗದಲ್ಲಿಯೇ ಅವನಿಗೆ ಚಾಪೆ ಹಾಸಿದರು.

ನಾನು ಕಾಲೇಜಿಗೆ ಹಿಂತಿರುಗಲಿಲ್ಲ. ಗಂಜಿ ಕುಡಿಸಿದೆ, ಮೈ ಒರೆಸಿದೆ. ದೊಡ್ಡಪ್ಪ ಕಂಬಕ್ಕೆ ಒರಗಿ ಕೂತಿರುತ್ತಿದ್ದ. ಉಣ್ಣಲು ಕರೆದರೂ ಏಳುತ್ತಿರಲಿಲ್ಲ. ಒಂದು ಬೆಳಗ್ಗೆ ತಾತ ಅವನ ಕಡೆಗೆ ತಲೆ ಹೊರಳಿಸಿ, ಉಸಿರು ಕೂಡಿಸಿಕೊಂಡು ಕೇಳಿದ:

“ಏನ್ಲಾ, ರಾವುಕಾಲ ತಪ್ತಾ?”

ದೊಡ್ಡಪ್ಪ ಟವಲಿನಿಂದ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ.

“ಅಳ್ಬೇಡ ಬುಡ್ಲಾ. ಬೇಕಂತ ಮಾಡ್ದೇನ್ಲಾ ನೀನು? ಪೈರು ನೆಟ್ರಾ, ಅದ್ಯೋಳು.”

ಅದೇ ದಿನ ನನ್ನನ್ನು ಹತ್ತಿರ ಕರೆದ. “ಮರಿ ದಡ ಅತ್ತಿದ್ವಾ? ಓಗಿ ನೋಡ್ಕೊಂಡು ಬಾರ್ಲಾ.”

ಹೋದೆ. ಕಾಲುವೆ ತುಂಬಿ ಹರಿಯುತ್ತಿತ್ತು; ಅದರ ದಡಕ್ಕೆ ಹೋಗದೆ ದೂರದಿಂದಲೇ ಸುತ್ತಿ ನಡೆದೆ. ಆಚೆಯ ಬೀಳು ಹೊಲದಲ್ಲಿ ಟಿಟ್ಟಿಭ ಕೂಗಿಕೊಂಡು ನನ್ನ ತಲೆಯ ಮೇಲೆ ಸುತ್ತಿತು. ಉದ್ದ ಕಾಲಿನ ಮರಿಗಳು ಪಟಪಟನೆ ಓಡಿ ನಿಂತವು. ಮೂರು ಕಂಡವು. ಎಷ್ಟು ಹುಡುಕಿದರೂ ಮೂರೇ. ಸುಳ್ಳು ಹೇಳೋಣವೆಂದು ದಾರಿಯುದ್ದಕ್ಕೂ ಯೋಚಿಸಿದೆ. ಅವನ ಮುಖ ನೋಡಿದ ಮೇಲೆ ಆಗಲಿಲ್ಲ.

“ಮೂರು ಕಂಡ್ವು ತಾತ.”

“ಇನ್ನೊಂದು ಕಲ್ಲಾಗಿ ಕೂತಿರ್ತದೆ ಬುಡು. ನಿನ್ ಕಣ್ಗೆ ಕಾಣಾಕಿಲ್ಲ” ಎಂದು ಕಣ್ಣು ಮುಚ್ಚಿಕೊಂಡ.

ಮಾರನೆಯ ದಿನ ಸಂಜೆ ಅವನ ಉಸಿರು ಕಿತ್ತುಕೊಂಡು ಬರತೊಡಗಿತು. ನೀರು ಕೇಳಿದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಕ್ಕಳಿಗೆ ಹಾಲು ಕುಡಿಸುವ ಒಳಲೆಯಿಂದ ತೊಟ್ಟುತೊಟ್ಟಾಗಿ ಬಾಯಿಗೆ ಬಿಟ್ಟೆ. ಊರಿಗೆಲ್ಲ ನೀರು ಹಂಚಿದವನ ಗಂಟಲಿನಲ್ಲಿ ಅದು ಸರಾಗವಾಗಿ ಇಳಿಯಲಿಲ್ಲ. ತುಟಿಯಂಚಿನಿಂದ ಹರಿದುದನ್ನು ಒರೆಸಿದೆ. ಅವನು ಕಣ್ಣು ತೆರೆದು, ತೊಡೆಯ ಮೇಲಿಂದಲೇ ನನ್ನನ್ನು ನೋಡಿದ.

“ನಾ ಯೋಳ್ನಿಲ್ವಾ ಮಗ,” ಎಂದ, “ಯಾರ್ನೋ ಇಟ್ಟಿರ್ತಾನೆ ಅಂತ.”

ದೀಪ ಹಚ್ಚುವ ಹೊತ್ತಿಗೆ ಅವನ ಉಸಿರು ನಿಂತಿತು. ಅವನ ಮಕ್ಕಳು ಉಳಿದಿರಲಿಲ್ಲವಾದ್ದರಿಂದ ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಿದವನು ನಾನು. ಅವ್ವನಿಗೆ ಮಾಡಲಾಗದ್ದನ್ನೆಲ್ಲ ಅವನಿಗೆ ಮಾಡಿದೆ. ಅಷ್ಟರಿಂದಲೇ ನಾನು ಆ ವರ್ಷ ಹುಚ್ಚನಾಗದೆ ಉಳಿದೆ ಎಂದು ಈಗ ಅನಿಸುತ್ತದೆ.

ಲೆಕ್ಕ ಮಾತ್ರ ಬಗೆಹರಿದಿಲ್ಲ. ಆ ಮರಿಗಳನ್ನು ಹುಡುಕುತ್ತಾ ತಡವಾಗದಿದ್ದರೆ ಅವನು ನನ್ನನ್ನು ಮೊದಲೇ ಎಬ್ಬಿಸಿಕೊಂಡು ತೂಬು ಸೇರುತ್ತಿದ್ದ, ಇಬ್ಬರಿಗೂ ಏನೂ ಆಗುತ್ತಿರಲಿಲ್ಲ. ಆ ಹುಳಹುಪ್ಪಟೆಗಳಿಗಾಗಿ ಕಾಲುವೆಗೆ ಇಳಿಯುವ ಮನುಷ್ಯನೇ ಅವನಾಗಿರದಿದ್ದರೆ ನನ್ನ ಹೆಣ ಹೊಂಗೆಯ ಬೇರಿಗೆ ಸಿಗುತ್ತಿತ್ತು. ಈ ಎರಡರ ನಡುವೆ ನನ್ನ ಮನಸ್ಸು ಇಂದಿಗೂ ಹೋಗಿ ಬರುತ್ತಲೇ ಇದೆ. ಒಮ್ಮೊಮ್ಮೆ ಹಗಲಿನಲ್ಲಿಯೇ ಒದ್ದೆ ಮಣ್ಣಿನ ವಾಸನೆ ಬಂದರೆ ಕೂತಲ್ಲಿಂದ ಎದ್ದು ನಿಲ್ಲುತ್ತೇನೆ.

ಊರಿಗೆ ಹೋದಾಗ ಬೇಸಗೆಯಾಗಿದ್ದರೆ ಕಾಲುವೆಗೆ ಇಳಿಯುತ್ತೇನೆ. ಈಗ ಮೊರ ಬಡಿಯುವವನು ದೊಡ್ಡಪ್ಪ. ಬೆನ್ನು ಬಾಗಿದೆ, ಕೂಗು ದೂರಕ್ಕೆ ಕೇಳುವುದಿಲ್ಲ. ಆದರೂ ಅವನು ಬಂದು ಮೊರ ಇಡುವವರೆಗೆ ಯಾವ ರಾಹುಕಾಲ ಬಂದರೂ ಊರು ತೂಬಿಗೆ ಕೈ ಹಚ್ಚುವುದಿಲ್ಲ. ಮೋರಿಯಿಂದ ಸ್ವಲ್ಪ ಕೆಳಗೆ, ಆ ಜಲ್ಲಿಯ ಹತ್ತಿರ, ನನ್ನ ಕಾಲು ಕಣ್ಣಿಗಿಂತ ಮೊದಲು ನಿಲ್ಲುತ್ತದೆ. ಬಗ್ಗಿ, ಕಲ್ಲುಗಳ ನಡುವೆ ನಾಲ್ಕನೆಯ ಮರಿಯನ್ನು ಹುಡುಕುತ್ತೇನೆ.